ಸುಳ್ಳು ಹೇಳಿದ ಮುಳ್ಳು

ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ಚಾಮರಾಜನಗರಕ್ಕೆ ಹೋಗುವ ರೈಲಿಗೆ ಅವಸರವೆಂಬುದು ತಿಳಿಯದು. 1926ರಲ್ಲಿ ನಂಜನಗೂಡಿನಿಂದಾಚೆಗೆ ಬೆಳೆಸಿದ ಹಳಿ ಚಾಮರಾಜನಗರಕ್ಕೆ ಬಂದು ನಿಂತದ್ದು, ಇಂದಿಗೂ ಅಲ್ಲಿಯೇ ನಿಂತಿದೆ. ಬೆಟ್ಟವನ್ನು ಇಳಿದು ತಮಿಳುನಾಡನ್ನು ಮುಟ್ಟುವ ಅದರ ಆಸೆ ಕಾಗದದ ಮೇಲೆಯೇ ಉಳಿದಿದೆ. ಕಳೆದ ಸಂಕ್ರಾಂತಿಯ ಹಿಂದಿನ ದಿನ ನಾನು, ನನ್ನ ಮನೆಯಾಕೆ, ಎಂಟು ವರ್ಷದ ಮಗಳು ಆ ರೈಲಿನಿಂದ ಇಳಿದಾಗ ನಿಲ್ದಾಣದ ಹೊರಗೆ ಭಾವನವರು ಜೀಪಿನೊಡನೆ ಕಾದು ನಿಂತಿದ್ದರು.

ಭಾವನವರೆಂದರೆ ನನ್ನ ಹೆಂಡತಿಯ ಅಣ್ಣ. ಚಂದಕವಾಡಿಯ ಬಳಿ ಅರಿಶಿನ, ಕಬ್ಬು ಬೆಳೆಯುವ ರೈತರು. ಚಂದಕವಾಡಿ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಪ್ರವಾಸಿಗಳು ಬಿಳಿಗಿರಿರಂಗನ ಬೆಟ್ಟವನ್ನು ಹತ್ತುತ್ತಾರೆ, ಗುಂಡ್ಲುಪೇಟೆಯ ಕಡೆ ಹೋಗಿ ಹಿಮವದ್ ಗೋಪಾಲಸ್ವಾಮಿಯ ದರ್ಶನ ಪಡೆಯುತ್ತಾರೆ. ಚಂದಕವಾಡಿಯನ್ನು ನೋಡಲೆಂದು ಯಾರೂ ಬರುವುದಿಲ್ಲ. ಆದರೆ ಪುಷ್ಯಮಾಸದ ಬೆಳಗಿನಲ್ಲಿ ಆ ಬಯಲಿನ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಬಿಳಿಗಿರಿಯ ಸಾಲು ನೀಲಿಯ ಗೆರೆಯಾಗಿ ಏಳುವುದು ಕಾಣುತ್ತದೆ. ಅಗೆದ ಅರಿಶಿನವನ್ನು ಕೊಪ್ಪರಿಗೆಯಲ್ಲಿ ಬೇಯಿಸುವ ಘಾಟು ಗಾಳಿಯಲ್ಲಿರುತ್ತದೆ. ಆ ವಾಸನೆಯನ್ನು ಒಮ್ಮೆ ಮೂಗಿಗೆ ತಂದುಕೊಂಡವರಿಗೆ ಅಂಗಡಿಯ ಅರಿಶಿನದ ಪುಡಿ ಮತ್ತೆ ಅರಿಶಿನವೆನಿಸದು.

ಜೀಪು ನಾನು ಹಿಂದೆ ನೋಡಿದ್ದಕ್ಕಿಂತ ಎತ್ತರವಾಗಿ ಕಂಡಿತು. "ಹೊಸ ಟೈರು ಮೇಷ್ಟ್ರೇ, ದಪ್ಪನವು. ಹೊಲದ ಕೆಸರಿಗೂ ಸೈ, ಹೆದ್ದಾರಿಗೂ ಸೈ" ಎಂದು ಭಾವನವರು ಮಗುವಿನ ಬೆನ್ನು ತಟ್ಟುವಂತೆ ಚಕ್ರವನ್ನು ತಟ್ಟಿದರು. ಹಿಂದೆ ಆ ಜೀಪನ್ನು ನಡೆಸುತ್ತಿದ್ದವನು ಅವರ ಊರಿನದೇ ಒಬ್ಬ ಹುಡುಗ. ನಮ್ಮ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟ ತಿರುಗಿಸುತ್ತಿದ್ದವನು. "ಅಣ್ಣಯ್ಯ, ಆ ಹುಡುಗ ಎಲ್ಲಿ?" ಎಂದು ನನ್ನಾಕೆ ಕೇಳಿದಳು. ಭಾವನವರ ಮುಖ ಗಂಟಾಯಿತು. "ದೀಪಾವಳಿಗೆ ಮುಂಚೇನೇ ಕಳಿಸ್ಬುಟ್ಟೆ. ಡೀಸೆಲ್ ಕದೀತಿದ್ದ."

ಆಮೇಲೆ ದಾರಿಯುದ್ದಕ್ಕೂ ಆ ಮಾತು ಯಾರ ಬಾಯಿಂದಲೂ ಬರಲಿಲ್ಲ. ರಾತ್ರಿ ಅಡಿಗೆಮನೆಯಲ್ಲಿ ಅತ್ತಿಗೆ ಹೇಳಿದ ಮಾತು ನನ್ನಾಕೆಯ ಮೂಲಕ ನನಗೆ ತಲುಪಿತು. ಹುಡುಗನ ತಂದೆ ಮನೆಯ ಜಗುಲಿಯವರೆಗೆ ಬಂದು, ಮಗ ಕದ್ದಿಲ್ಲವೆಂದು ಮಾದಪ್ಪನ ಮೇಲೆ ಆಣೆ ಮಾಡಿ, ನೀರನ್ನೂ ಕುಡಿಯದೆ ಹಿಂದಿರುಗಿದರಂತೆ. ಆ ಸೀಮೆಯಲ್ಲಿ ಮಲೆಯ ಮಾದಪ್ಪನ ಆಣೆಯನ್ನು ಯಾರೂ ಹಗುರವಾಗಿ ಇಡುವುದಿಲ್ಲ. ಭಾವನವರಾದರೂ ಕೆಟ್ಟ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. ಲೆಕ್ಕ ಹುಡುಗನಿಗೆ ವಿರುದ್ಧವಾಗಿತ್ತು.

ಹಬ್ಬದ ಮರುದಿನ ಸುವರ್ಣಾವತಿ ಜಲಾಶಯವನ್ನು ನೋಡಲು ಹೊರಟೆವು. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರಗಳ ಮೇಲೆ ಪುಣಜನೂರನ್ನು ದಾಟಿ, ದಿಂಬಂ ಘಾಟಿನ 27 ತಿರುವುಗಳನ್ನು ಇಳಿದು ಕೊಯಮತ್ತೂರಿಗೆ ಹೋಗುವ 948ನೇ ರಾಷ್ಟ್ರೀಯ ಹೆದ್ದಾರಿ ಅದು. ನನ್ನ ಮಗಳಿಗೆ ಆಗ ತಾನೇ ಶಾಲೆಯಲ್ಲಿ ದಶಮಾಂಶ ಕಲಿಸಿದ್ದರು. ಮುಂದಿನ ಆಸನದಲ್ಲಿ ನನ್ನ ತೊಡೆಯ ಮೇಲೆ ಕುಳಿತು, ಹಳದಿ ತಲೆಯ ಕಿಲೋಮೀಟರು ಕಲ್ಲುಗಳನ್ನೂ ಮೀಟರಿನ ಅಂಕಿಗಳನ್ನೂ ಒಟ್ಟಿಗೆ ಓದುವುದು ಅವಳ ಆಟವಾಯಿತು. ಸ್ವಲ್ಪ ಹೊತ್ತಿನ ಮೇಲೆ, "ಮಾವ, ಐದು ಕಲ್ಲು ಹೋಯ್ತು, ನಿಮ್ಮ ಗಾಡಿ ನಾಲ್ಕು ಪಾಯಿಂಟ್ ಒಂದು ಅಂತಿದೆ" ಎಂದಳು.

"ಕಲ್ಲು ನೆಡೋರು ಕುಡಿದಿದ್ರು ಕನ ಮಗ" ಎಂದು ಭಾವನವರು ನಕ್ಕರು. ನಾನೂ ನಕ್ಕೆ. ಹಿಂದಿರುಗುವಾಗ ನಗು ನಿಂತಿತು. ಒಂದು ತಿರುವಿನಾಚೆ ಕಬ್ಬು ಹೇರಿದ ಎತ್ತಿನ ಗಾಡಿ ರಸ್ತೆಗೆ ಅಡ್ಡವಾಗಿ ತಿರುಗುತ್ತಿತ್ತು. ಭಾವನವರು ಬ್ರೇಕನ್ನು ಅಮುಕಿದರು. ಜೀಪು ಕಿರುಚಿಕೊಂಡು ಹೋಗಿ ಕಬ್ಬಿನ ತುದಿಗರಿಗಳು ಗಾಜನ್ನು ಸವರುವಷ್ಟು ಹತ್ತಿರದಲ್ಲಿ ನಿಂತಿತು. ಗಾಡಿಯವನು ಬೈಯಲಿಲ್ಲ, ಸುಮ್ಮನೆ ನೋಡಿದ. ಆ ನೋಟ ಬೈಗುಳಕ್ಕಿಂತ ಭಾರವಾಗಿತ್ತು. "ಐವತ್ತರ ಮ್ಯಾಲ ಹೋಗಿಲ್ಲ ಕನ ಮೇಷ್ಟ್ರೇ, ನೀವೇ ನೋಡುದ್ರಲ್ಲ!" ಎಂದರು ಭಾವನವರು. ನಿಜ, ನಾನೇ ನೋಡಿದ್ದೆ. ಮುಳ್ಳು ಐವತ್ತರ ಮೇಲೆಯೇ ಇತ್ತು. ಆದರೆ ಐವತ್ತರಲ್ಲಿ ಹೋಗುವ ಗಾಡಿ ಇನ್ನೂ ಎಷ್ಟೋ ಮುಂಚೆ ನಿಲ್ಲಬೇಕಾಗಿತ್ತಲ್ಲ ಎಂಬ ಸಂಶಯ ನನ್ನ ಎದೆಯ ಬಡಿತದೊಂದಿಗೆ ಉಳಿದುಕೊಂಡಿತು.

ಉಳಿದ ದಾರಿಯನ್ನು ನಿಧಾನವಾಗಿ ಕ್ರಮಿಸಿದೆವು. ನನ್ನ ಮನಸ್ಸು ಹಳೆಯ ಅಳತೆಗಳ ಕಡೆ ತಿರುಗಿತು. ಕನ್ನಡದ ಮೇಷ್ಟರ ಚಾಳಿ, ಓದುಗರು ಮನ್ನಿಸಬೇಕು. ನಮ್ಮ ಹಿರಿಯರು ದೂರವನ್ನು ಕೂಗಳತೆ, ಹರದಾರಿ, ಗಾವುದ ಎಂದು ಹೇಳುತ್ತಿದ್ದರು. ಕೂಗಳತೆ ಕೂಗುವವನ ಕೊರಳನ್ನು ಅವಲಂಬಿಸಿದ್ದು. ಅದು ಹೆಚ್ಚು ಕಡಿಮೆಯಾದರೆ ಯಾರೂ ಕಳ್ಳರಾಗುತ್ತಿರಲಿಲ್ಲ. ಚಕ್ರದಿಂದ ದೂರವನ್ನು ಅಳೆಯುವ ಉಪಾಯವೂ ಹಳೆಯದೇ. ರೋಮಿನ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆ ಒಂದು ರಥವನ್ನು ವರ್ಣಿಸಿದ್ದಾನೆ: ಅದರ ಗಾಲಿ 400 ಸಲ ಸುತ್ತಿದರೆ ಒಂದು ಮೈಲಿ, ಆಗ ಒಂದು ಬೆಣಚುಕಲ್ಲು ತಾನಾಗಿ ಪೆಟ್ಟಿಗೆಯೊಳಕ್ಕೆ ಬೀಳುತ್ತದೆ, ಸಂಜೆ ಕಲ್ಲುಗಳನ್ನು ಎಣಿಸಿದರೆ ನಡೆದ ದಾರಿ ತಿಳಿಯುತ್ತದೆ. ಇದೇ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ 'ರಾಜಾವಳೀ ಕಥೆ'ಯನ್ನು ಬರೆದ ದೇವಚಂದ್ರನಿದ್ದ. ಟಿಪ್ಪುವಿನ ಪತನದ ತರುವಾಯ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿಗೆ ಸ್ಥಳಪುರಾಣಗಳನ್ನು ಒದಗಿಸಿದವರಲ್ಲಿ ಅವನೊಬ್ಬ. ಆ ಕಾಲದ ಸರ್ವೆಯವರು ಹಿಡಿಯಿದ್ದ ಒಂದೇ ಗಾಲಿಯನ್ನು ನೆಲದ ಮೇಲೆ ಉರುಳಿಸುತ್ತ ದಾರಿಯನ್ನು ಅಳೆಯುತ್ತಿದ್ದರು. ಅವರ ಗಾಲಿಯ ಸುತ್ತಳತೆ ಬದಲಾಗುತ್ತಿರಲಿಲ್ಲ. ಇಡೀ ಲೆಕ್ಕ ನಿಂತಿದ್ದುದು ಆ ಒಂದು ನಂಬಿಕೆಯ ಮೇಲೆ.

ಚಂದಕವಾಡಿಯ ಬೀದಿಯಲ್ಲಿ ಟೀ ಅಂಗಡಿಯ ಪಕ್ಕದಲ್ಲೇ ಒಂದು ಪಂಕ್ಚರ್ ಅಂಗಡಿ. ಅದರ ಮೇಸ್ತ್ರಿ ಅರವತ್ತು ದಾಟಿದವರು. ಕನ್ನಡಕದ ಒಂದು ಕಾಲಿಗೆ ದಾರ. ಬ್ರೇಕನ್ನು ತೋರಿಸಲೆಂದು ಭಾವನವರು ಅಲ್ಲಿ ನಿಲ್ಲಿಸಿದರು. ಮೇಸ್ತ್ರಿ ಬ್ರೇಕು ನೋಡಿ, "ಬ್ರೇಕು ಚೆನ್ನಾಗದ ಬುದ್ದಿ" ಎಂದರು. ಆಮೇಲೆ ಹಿಂದೆ ತೂಗುಹಾಕಿದ್ದ ಸ್ಟೆಪ್ನಿಯನ್ನೂ ಕೆಳಗಿನ ಚಕ್ರವನ್ನೂ ಮಾರಿ ಮಾರಿ ನೋಡಿ, "ಇದೇನು, ಅಣ್ಣ ಒಂದು ತಮ್ಮ ಒಂದು?" ಎಂದು ಕೇಳಿದರು. ಸ್ಟೆಪ್ನಿ ಹಳೆಯ ಅಳತೆಯದು, ಚಕ್ರಗಳು ಹೊಸ ಅಳತೆಯವು.

ನನ್ನ ಮಗಳು ಕಲ್ಲುಗಳ ಕಥೆಯನ್ನು ಅವರಿಗೂ ಹೇಳಿದಳು. ಅವರು ನಗಲಿಲ್ಲ. ಅಳತೆಯ ಟೇಪನ್ನು ತಂದು ಅವಳ ಕೈಗೇ ಕೊಟ್ಟರು. ಹಳೆಯ ಟೈರಿನ ಸುತ್ತಳತೆ 2 ಮೀಟರು 23 ಸೆಂಟಿಮೀಟರು. ಹೊಸದರದು 2 ಮೀಟರು 47. ಅಂಗುಲದ ಲೆಕ್ಕದಲ್ಲಿ ಹೇಳುವುದಾದರೆ 28 ಅಂಗುಲ ಎತ್ತರದ ಟೈರಿನ ಜಾಗಕ್ಕೆ 31 ಅಂಗುಲದ್ದು ಬಂದಿತ್ತು.

"ಸಾ, ಮೀಟ್ರು ಸುಳ್ಳು ಹೇಳಲ್ಲ" ಎಂದರು ಮೇಸ್ತ್ರಿ. "ಅದಕ್ಕ ರಸ್ತೆ ಕಾಣಲ್ಲ. ಟೈರೂ ಕಾಣಲ್ಲ. ಒಳಗ ಶಾಫ್ಟು ಎಷ್ಟು ಸುತ್ತು ಸುತ್ತುತು ಅಂತ ಎಣಿಸ್ತದ, ಅಷ್ಟೇಯ."

ಇದನ್ನು ನನ್ನ ಮಾತಿನಲ್ಲಿ ಸ್ವಲ್ಪ ಬಿಡಿಸುತ್ತೇನೆ. ಹಳೆಯ ಜೀಪಿನಲ್ಲಿ ಗೇರುಪೆಟ್ಟಿಗೆಯ ಹಿಂಬದಿಯಿಂದ ಉದ್ದನೆಯ ಶಾಫ್ಟು ಹೊರಟು ಹಿಂದಿನ ಆಕ್ಸಲ್ಲನ್ನು ಸೇರುತ್ತದೆ. ಆ ಶಾಫ್ಟು ಹೊರಡುವಲ್ಲಿಯೇ ಒಂದು ಪುಟ್ಟ ಹಲ್ಲಿನ ಚಕ್ರ ಕಚ್ಚಿಕೊಂಡು, ಒಂದು ತಂತಿಯ ಕೇಬಲ್ಲನ್ನು ಸುತ್ತಿಸುತ್ತದೆ. ಕೇಬಲ್ಲಿನ ಇನ್ನೊಂದು ತುದಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ, ಅದನ್ನು ಮುಟ್ಟದಂತೆ, ಅಲ್ಯೂಮಿನಿಯಮ್ಮಿನ ಬಟ್ಟಲೊಂದಿದೆ. ತಿರುಗುವ ಅಯಸ್ಕಾಂತವು ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳನ್ನು ಹುಟ್ಟಿಸಿ ಅದನ್ನೂ ತನ್ನ ಜೊತೆ ಎಳೆಯುತ್ತದೆ. ಕೂದಲೆಳೆಯಂಥ ಸುರುಳಿಯೊಂದು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎಳೆದಾಟದಲ್ಲಿ ಬಟ್ಟಲು ಎಷ್ಟು ತಿರುಗಿತೋ ಅಷ್ಟು ಅದಕ್ಕಂಟಿದ ಮುಳ್ಳು ಏಳುತ್ತದೆ. ಜರ್ಮನಿಯ ಓಟೋ ಶುಲ್ಟ್ಸೆ 1902ರಲ್ಲಿ ಹಕ್ಕುಪತ್ರ ಪಡೆದ ಈ ಉಪಾಯ ಶತಮಾನದುದ್ದಕ್ಕೂ ಜಗತ್ತಿನ ವಾಹನಗಳಲ್ಲಿ ನಡೆಯಿತು. ಅದೇ ಕೇಬಲ್ಲು ದೂರ ತೋರಿಸುವ ಅಂಕಿಗಳನ್ನೂ ಉರುಳಿಸುತ್ತದೆ. ಆದುದರಿಂದ ಮುಳ್ಳು ತಪ್ಪಿದರೆ ಅಂಕಿಯೂ ತಪ್ಪುತ್ತದೆ.

ಶಾಫ್ಟಿನ ಒಂದು ಸುತ್ತಿಗೆ ಗಾಡಿ ಇಷ್ಟು ದೂರ ಹೋಗುತ್ತದೆ ಎಂದು ಕಾರ್ಖಾನೆಯವರು ಮೊದಲೇ ಗಣಿಸಿ ಆ ಹಲ್ಲುಗಳನ್ನು ಹೊಂದಿಸಿರುತ್ತಾರೆ. ಆ ಗಣನೆ ಎರಡು ಸಂಗತಿಗಳನ್ನು ನಂಬಿದೆ: ಟೈರು ಇಷ್ಟೇ ದೊಡ್ಡದು, ಚಕ್ರ ಒಮ್ಮೆ ಸುತ್ತಲು ಶಾಫ್ಟು ಇಷ್ಟೇ ಸಲ ಸುತ್ತಬೇಕು. ಎರಡನೆಯದನ್ನು ನಿಶ್ಚಯಿಸುವುದು ಆಕ್ಸಲ್ಲಿನ ನಡುವೆ ಉಬ್ಬಿಕೊಂಡಿರುವ ಗುಂಡಿನೊಳಗಿನ ಕ್ರೌನು ಮತ್ತು ಪಿನಿಯನ್ನು.

ಮೇಸ್ತ್ರಿಯವರು ಕೇಳಿದ ಮುಂದಿನ ಪ್ರಶ್ನೆ ಅದೇ. "ಡಿಫ್ರೆನ್ಷಿಯಲ್ಲು ಬದಲಾಯ್ಸಿದ್ರಾ?" ಭಾವನವರು ತಲೆ ಕೆರೆದುಕೊಂಡರು. ಹೌದು, ಕಬ್ಬಿನ ಹೇರು ಎಳೆಯುವಾಗ ಹಿಂದಿನ ಆಕ್ಸಲ್ಲಿನ ಹಲ್ಲು ಮುರಿದಿತ್ತು. ದೂರದ ಪಟ್ಟಣವೊಂದರ ಗುಜರಿಯಲ್ಲಿ ಇನ್ನೊಂದನ್ನು ಕೊಂಡು ಹಾಕಿಸಿದ್ದರು. ಮಾರಿದವನು "ಅದೇ ಸೈಜು" ಎಂದಿದ್ದನಂತೆ. ಹೊರಗಿನಿಂದ ನೋಡಲು ಅದೇ ಸೈಜೇ. ಒಳಗಿನ ಹಲ್ಲು ಎಣಿಸಿ ಕೊಳ್ಳುವವರು ಯಾರು?

ಮುರಿದ ಕ್ರೌನು ಭಾವನವರ ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒರಗಿಸಿಟ್ಟ ಗುಂಡಾಗಿತ್ತು. ಪಿನಿಯನ್ನು ದನದ ಕೊಟ್ಟಿಗೆಯಲ್ಲಿ ಸಿಕ್ಕಿತು. ಅವನ್ನು ಮೇಸ್ತ್ರಿಯ ಮುಂದೆ ತಂದಿಟ್ಟೆವು. ಮುರಿದ ಜಾಗಗಳನ್ನೂ ಸೇರಿಸಿ ಮಗಳು ಎಣಿಸಿದಳು: ಕ್ರೌನಿನಲ್ಲಿ 43, ಪಿನಿಯನ್ನಿನಲ್ಲಿ 8. ಎಂಟರಿಂದ ಭಾಗಿಸಿದರೆ ಐದೂ ಕಾಲಿನ ಮೇಲೆ ಒಂದು ಅರೆಕಾಲು, 5.375. ಹಳೆಯ ನಾಗರಿಕ ಜೀಪುಗಳಿಗೆ ಕಾರ್ಖಾನೆಯವರು ಕೊಡುತ್ತಿದ್ದ ಅನುಪಾತ ಅದೇ.

ಈಗ ಒಳಗಿರುವುದು ಯಾವುದು? ಬಿಚ್ಚದೆಯೇ ತಿಳಿಯುವ ಉಪಾಯವನ್ನು ಮೇಸ್ತ್ರಿ ಮಾಡಿ ತೋರಿಸಿದರು. ಗೇರು ನ್ಯೂಟ್ರಲ್ಲಿಗೆ ಬಂತು. ಹಿಂದಿನ ಒಂದೇ ಚಕ್ರ ಜಾಕಿಯ ಮೇಲೆ ಎದ್ದಿತು. ಟೈರಿಗೊಂದು, ಶಾಫ್ಟಿಗೊಂದು ಸುಣ್ಣದ ಗೆರೆ ಬಿತ್ತು. ಇನ್ನೊಂದು ಚಕ್ರ ನೆಲಕ್ಕೆ ಕಚ್ಚಿಕೊಂಡಿರುವುದರಿಂದ, ಎತ್ತಿದ ಚಕ್ರವನ್ನು ಎರಡು ಪೂರ್ತಿ ಸುತ್ತು ತಿರುಗಿಸಿದಾಗ ಶಾಫ್ಟು ಸುತ್ತುವ ಸಂಖ್ಯೆಯೇ ಆಕ್ಸಲ್ಲಿನ ಅನುಪಾತ. ನಾನು ಚಕ್ರ ತಿರುಗಿಸಿದೆ. ಭಾವನವರು ಪಂಚೆಯನ್ನು ಎತ್ತಿ ಕಟ್ಟಿ ಗಾಡಿಯ ಕೆಳಗೆ ಮಲಗಿ ಎಣಿಸಿದರು. "ಒಂದು... ಎರಡು... ಮೂರು... ನಾಲ್ಕು... ಐದಕ್ಕ ಅರೆಕಾಲು ಕಮ್ಮಿ!"

ಐದಕ್ಕೆ ಅರೆಕಾಲು ಕಡಿಮೆಯೆಂದರೆ 4.875. 39ಕ್ಕೆ 8ರ ಜೋಡಿ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪುಗಳಲ್ಲಿದ್ದ ಅನುಪಾತ ಅದು. ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟನ್ನು ಭಾವನವರು ಎಂದೋ ಬಿಚ್ಚಿ ಅಟ್ಟಕ್ಕೆ ಹಾಕಿದ್ದರಿಂದ, ಹಿಂದಿನದೊಂದೇ ಬದಲಾದದ್ದು ಯಾರಿಗೂ ತಿಳಿಯದೆ ನಡೆದುಹೋಗಿತ್ತು. ಇಲ್ಲದಿದ್ದರೆ ನಾಲ್ಕು ಚಕ್ರಕ್ಕೂ ಬಲ ಕೊಟ್ಟ ದಿನ ಮುಂದಿನದೂ ಹಿಂದಿನದೂ ಒಂದನ್ನೊಂದು ಜಗ್ಗಾಡಿ ಗುಟ್ಟು ರಟ್ಟಾಗುತ್ತಿತ್ತು.

ಅಂಗಡಿಯ ಗೋಡೆಯ ಮೇಲೆಯೇ ಲೆಕ್ಕ ಬರೆದೆವು. ಹಿಂದೆ ಶಾಫ್ಟು 5.375 ಸಲ ಸುತ್ತಿದರೆ ಜೀಪು 2 ಮೀಟರು 23 ಸೆಂಟಿಮೀಟರು ಹೋಗುತ್ತಿತ್ತು. ಅಂದರೆ ಶಾಫ್ಟಿನ ಒಂದು ಸುತ್ತಿಗೆ 41 ಸೆಂಟಿಮೀಟರೂವರೆ. ಈಗ 4.875 ಸುತ್ತಿಗೇ 2 ಮೀಟರು 47 ಹೋಗುತ್ತದೆ. ಒಂದು ಸುತ್ತಿಗೆ ಹತ್ತಿರಹತ್ತಿರ 51. ಮೀಟರು ಮಾತ್ರ ಪ್ರತಿ ಸುತ್ತಿಗೂ ಹಳೆಯ 41ವರೆಯನ್ನೇ ಜಮಾ ಮಾಡುತ್ತಿದೆ. ಟೈರು ನೂರಕ್ಕೆ ಹನ್ನೊಂದರಷ್ಟು, ಆಕ್ಸಲ್ಲು ನೂರಕ್ಕೆ ಹತ್ತರಷ್ಟು, ಎರಡೂ ಒಂದೇ ದಿಕ್ಕಿಗೆ ಎಳೆದು, ಒಂದರ ಮೇಲೊಂದು ಬೆಳೆದು, ನೂರಕ್ಕೆ 22 ಆಗಿತ್ತು. ಮುಳ್ಳು 50 ಎಂದಾಗ ಜೀಪು ಓಡುತ್ತಿದ್ದುದು 61ರಲ್ಲಿ. ಸಂಜೆ ಮೊಬೈಲಿನ ಉಪಗ್ರಹ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ಓಡಿಸಿ ನೋಡಿದೆವು. 60, 61 ಎಂದೇ ತೋರಿಸಿತು.

ಹನ್ನೊಂದು ಕಿಲೋಮೀಟರು ಏನು ಮಹಾ ಎನ್ನಬಾರದು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆನ್ನಿ. ಒಳ್ಳೆಯ ಒಣರಸ್ತೆಯಲ್ಲಿ 50ರಲ್ಲಿರುವ ಗಾಡಿ ಸುಮಾರು 30 ಮೀಟರಿನೊಳಗೆ ನಿಂತರೆ, 61ರಲ್ಲಿರುವುದಕ್ಕೆ ಸುಮಾರು 41 ಮೀಟರು ಬೇಕು. ಆ ಹನ್ನೊಂದು ಮೀಟರಿನಲ್ಲಿ ಎತ್ತಿನ ಗಾಡಿಯೊಂದು ಸುಖವಾಗಿ ಹಿಡಿಸುತ್ತದೆ. ನಮ್ಮ ಜಿಲ್ಲೆಯ ರಸ್ತೆಗಳು ಕಾಡನ್ನು ಸೀಳಿಕೊಂಡು ಹೋಗುವವು. ಗುಂಡ್ಲುಪೇಟೆಯಿಂದ ಬಂಡೀಪುರದ ನಡುವೆ ಹಾಯುವ ಹೆದ್ದಾರಿಗಳಲ್ಲಿ, ವಾಹನಗಳಿಗೆ ಸಿಕ್ಕಿ ಸಾಯುವ ಪ್ರಾಣಿಗಳಿಗಾಗಿಯೇ, ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು 2009ರಲ್ಲಿ ನಿಲ್ಲಿಸಿದ್ದನ್ನು ಓದುಗರು ಬಲ್ಲರು.

ಮೀಟರು ತಪ್ಪುವುದಾದರೆ ಯಾವ ಕಡೆ ತಪ್ಪಬೇಕೆಂಬುದಕ್ಕೂ ಒಂದು ಕಟ್ಟಳೆಯುಂಟು. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದೂ ತೋರಿಸಕೂಡದು. ಕಾರುಗಳಲ್ಲಿ ನಿಜವೇಗದ ಹತ್ತನೆಯ ಒಂದು ಪಾಲು ಮತ್ತು 4 ಕಿಲೋಮೀಟರಿನಷ್ಟು ಹೆಚ್ಚು ತೋರಿಸಬಹುದು. ಎಂದರೆ 60ರಲ್ಲಿರುವ ಕಾರಿನ ಮುಳ್ಳು 70 ಎಂದರೆ ಕ್ಷಮ್ಯ, 59 ಎಂದರೆ ಅಪರಾಧ. ಹೊಸ ಕಾರಿನವರು ಮೊಬೈಲಿಗಿಂತ ಮೀಟರು ಮುಂದಿದೆಯೆಂದು ಗಾಬರಿಪಡುವುದು ಇದಕ್ಕೇ. ಟೈರು ಸವೆದರೆ ಇನ್ನಷ್ಟು ಹೆಚ್ಚು ತೋರಿಸುತ್ತದೆ: 8 ಮಿಲಿಮೀಟರಿನ ಗೀರು ಒಂದೂವರೆಗೆ ಇಳಿಯುವಷ್ಟರಲ್ಲಿ ಚಕ್ರ ನೂರಕ್ಕೆ ಎರಡರಷ್ಟು ಚಿಕ್ಕದಾಗಿರುತ್ತದೆ. ಪ್ರತಿ ಚಕ್ರದ ಬಳಿಯೇ ಸುತ್ತುಗಳನ್ನು ಎಣಿಸುವ ಈಚಿನ ಕಾರುಗಳಲ್ಲಿ ಆಕ್ಸಲ್ಲಿನ ಕಾಟವಿಲ್ಲ. ಟೈರಿನ ಕಾಟ ಮಾತ್ರ ಅವುಗಳಿಗೂ ತಪ್ಪಿದ್ದಲ್ಲ.

ಇಷ್ಟೆಲ್ಲ ಆದಮೇಲೆ ಭಾವನವರು ಮಾತಾಡದೆ ಕುಳಿತರು. ಟೀ ತಣ್ಣಗಾಯಿತು. ಅವರ ಮನಸ್ಸು ಎಲ್ಲಿಗೆ ಹೋಗಿತ್ತೆಂಬುದು ನನಗೆ ಹೊಳೆದದ್ದು ಮನೆಗೆ ಬಂದು ಅವರು ಡೀಸೆಲ್ಲಿನ ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ಇಟ್ಟಾಗ. ದಿನಾಂಕ, ಮೀಟರಿನ ಅಂಕಿ, ಎಷ್ಟು ಲೀಟರು: ಒಂದು ದಿನವೂ ತಪ್ಪದ ಬರವಣಿಗೆ. ಹಸ್ತಪ್ರತಿಗಳ ಪಾಠಾಂತರ ನೋಡುವ ಅಭ್ಯಾಸ ನನಗಿದೆ. ಈ ಪುಸ್ತಕ ಅದಕ್ಕಿಂತ ಸುಲಭವಾಗಿ ಓದಿಸಿಕೊಂಡಿತು. ಯುಗಾದಿಯವರೆಗೆ ಲೀಟರಿಗೆ 11 ಕಿಲೋಮೀಟರು. ಯುಗಾದಿಯ ಮರುವಾರ "ಡಿಫ್ರೆನ್ಷಿಯಲ್ಲು, ಟೈರು 5" ಎಂದು ಖರ್ಚು ಬರೆದು, "5" ಹೊಡೆದುಹಾಕಿ "4" ಮಾಡಿದ್ದರು. ಸ್ಟೆಪ್ನಿಗೆ ಹಣ ಉಳಿಸಿದ್ದು ಅಲ್ಲಿ. ಅಲ್ಲಿಂದ ಮುಂದೆ ಲೀಟರಿಗೆ 9. ಪ್ರತಿ ವಾರವೂ 9. ಕಳ್ಳನಾದವನು ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ ಕದಿಯುತ್ತಾನೆ. ಇಷ್ಟು ಕ್ರಮವಾಗಿ ಕದಿಯುವುದು ಹಲ್ಲಿನ ಚಕ್ರಕ್ಕೆ ಮಾತ್ರ ಸಾಧ್ಯ. ನಾನು 9ನ್ನು 1.22ರಿಂದ ಗುಣಿಸಿ ಪುಸ್ತಕದ ಅಂಚಿನಲ್ಲಿ ಬರೆದೆ. 10.98.

ಭಾವನವರು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. "ಅವನ ಕೊನೇ ತಿಂಗಳ ಸಂಬಳಾನೂ ಹಿಡ್ಕೊಂಡಿವ್ನಿ" ಎಂದರು.

ಒಳಗಿನಿಂದ ಅತ್ತಿಗೆ ಎಳ್ಳುಬೆಲ್ಲದ ಪೊಟ್ಟಣ, ಎರಡು ಸಕ್ಕರೆ ಅಚ್ಚು, ಒಂದು ಕಬ್ಬಿನ ಜಲ್ಲೆಯನ್ನು ತಂದು ಅವರ ಮುಂದೆ ಇಟ್ಟರು. ಏನೂ ಹೇಳಲಿಲ್ಲ. ಹಬ್ಬ ಕಳೆದು ಒಂದು ದಿನವಾಗಿತ್ತು. ಭಾವನವರು ಎದ್ದು, ಪೆಟ್ಟಿಗೆಯಿಂದ ಹಣವನ್ನು ಎಣಿಸಿಕೊಂಡು, ನನ್ನನ್ನೂ ಬರಹೇಳಿದರು. ಜೀಪು ತೆಗೆಯಲಿಲ್ಲ, ನಡೆದೇ ಹೋದೆವು. ಹುಡುಗನ ಮನೆ ಕೂಗಳತೆಯ ದೂರ.

ತಂದೆ ಜಗುಲಿಯ ಮೇಲಿದ್ದರು. ಭಾವನವರು ನಿಂತುಕೊಂಡೇ ಟೈರು, ಕ್ರೌನು, ಅರೆಕಾಲು ಎಂದು ಏನೇನೋ ವಿವರಿಸಲು ತೊಡಗಿದರು. ಆ ಹಿರಿಯರಿಗೆ ಅದರಲ್ಲಿ ಒಂದೂ ಅರ್ಥವಾದಂತೆ ಕಾಣಲಿಲ್ಲ. ಕೊನೆಗೆ, "ತಪ್ಪು ನಂದು ಕನಣ್ಣ, ಹುಡುಗ ಕದ್ದಿಲ್ಲ" ಎಂದಾಗ ಮಾತ್ರ ಅವರು ಚಾಪೆಯನ್ನು ಬಿಡಿಸಿ, ಒಳಗೆ ತಿರುಗಿ ನೀರು ತರಹೇಳಿದರು.

ಹುಡುಗ ಕರಿಕಲ್ಲಿನ ಗಣಿಯೊಂದರಲ್ಲಿ ಟ್ರ್ಯಾಕ್ಟರು ಓಡಿಸುತ್ತಿದ್ದಾನೆ. ಸಂಜೆ ಬಂದವನು ಎಲ್ಲವನ್ನೂ ಕೇಳಿ, "ನಂಗೂ ಗಾಡಿ ಜಾಸ್ತಿ ಓಡ್ತದ ಅನ್ನಿಸ್ತಿತ್ತು ಕನಣ್ಣ, ಹೇಳಕ ಧೈರ್ಯ ಬರ್ಲಿಲ್ಲ" ಎಂದ. ಮತ್ತೆ ಕೆಲಸಕ್ಕೆ ಬರುವೆಯಾ ಎಂದರೆ ಯೋಚಿಸುತ್ತೇನೆಂದ. ಅದು ನ್ಯಾಯವೇ.

ಮೇಸ್ತ್ರಿಯವರು ಕೇಬಲ್ಲಿನ ಬುಡದ ಪುಟ್ಟ ಚಕ್ರವನ್ನು ಬದಲಿಸಬಹುದೆಂದಿದ್ದಾರೆ. 18 ಹಲ್ಲಿನದರ ಜಾಗಕ್ಕೆ 15 ಹಲ್ಲಿನದು ಬಂದರೆ ಕೇಬಲ್ಲು ನೂರಕ್ಕೆ 20ರಷ್ಟು ಹೆಚ್ಚು ಸುತ್ತಿ, ತಪ್ಪು ಬಹುಪಾಲು ಹೋದಂತೆಯೇ. ಅದು ಸಿಗುವವರೆಗೆ ಇರಲಿ ಎಂದು ನನ್ನ ಮಗಳು ನೋಟುಪುಸ್ತಕದ ಹಾಳೆಯಲ್ಲಿ 30ಕ್ಕೆ 37, 40ಕ್ಕೆ 49, 50ಕ್ಕೆ 61 ಎಂದು ದುಂಡಗೆ ಬರೆದು ಮೀಟರಿನ ಕೆಳಗೆ ಅಂಟಿಸಿದಳು. ಮರುದಿನ ಆ ಹುಡುಗ ರಜೆ ಹಾಕಿ ಬಂದು ತಾನೇ ನಮ್ಮನ್ನು ನಿಲ್ದಾಣಕ್ಕೆ ಬಿಟ್ಟ. ಮಗಳು ಮುಂದೆ ಕುಳಿತು ಕಲ್ಲು ಎಣಿಸಿದಳು. ಮುಳ್ಳು ನಲವತ್ತನ್ನು ದಾಟಲಿಲ್ಲ. ರೈಲು ಹೊರಡಲು ಇನ್ನೂ ಅರ್ಧ ಗಂಟೆಯಿತ್ತು.